ಪಾಠ ಸಾಕು, ಪಾಸ್‌ಬುಕ್ ಕೊಡಿ



ಶಾಲೆಗಳಲ್ಲಿ ‘ಆರ್ಥಿಕ ಸಾಕ್ಷರತೆ’ಯನ್ನು ಪ್ರತ್ಯೇಕ ವಿಷಯವಾಗಿಯೇ ಕಲಿಸಬೇಕೆಂಬ ಒತ್ತಾಯ ಮತ್ತೆ ಮತ್ತೆ ಕೇಳಿಬರುತ್ತಿದೆ. ಮೊಬೈಲ್ ಆಟಕ್ಕೆ ಅಪ್ಪನ ಖಾತೆ ಬರಿದು ಮಾಡಿದ ಹುಡುಗನ ಸುದ್ದಿ ಬಂದಾಗಲೆಲ್ಲ ಈ ಕೂಗು ಇನ್ನಷ್ಟು ಜೋರಾಗುತ್ತದೆ. ಕಾಳಜಿ ಸರಿಯಾದದ್ದೇ, ಮದ್ದು ಮಾತ್ರ ತಪ್ಪು. ಕರ್ನಾಟಕದ ಮಕ್ಕಳಿಗೆ ದುಡ್ಡಿನ ಪಾಠ ಕಡಿಮೆಯಾಗಿಲ್ಲ. ದುಡ್ಡನ್ನು ತಾವೇ ಕೈಯಾರೆ ನಿಭಾಯಿಸುವ ಅವಕಾಶ ಸಿಕ್ಕಿಲ್ಲ.

ರಾಜ್ಯ ಪಠ್ಯಕ್ರಮದ ಹತ್ತನೇ ತರಗತಿಯ ಸಮಾಜ ವಿಜ್ಞಾನವನ್ನೇ ನೋಡಿ. ಇತಿಹಾಸ, ಭೂಗೋಳಗಳ ಜೊತೆಗೆ ಅಲ್ಲಿ ‘ವ್ಯವಹಾರ ಅಧ್ಯಯನ’ ಎಂಬ ಭಾಗವೂ ಇದೆ. ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕ ರಕ್ಷಣೆ ಎಲ್ಲವೂ ಅದರೊಳಗಿವೆ. ಖಾತೆಗಳು ಎಷ್ಟು ವಿಧ ಎಂದು ಕೇಳಿದರೆ ಉಳಿತಾಯ, ಚಾಲ್ತಿ, ಆವರ್ತ ಠೇವಣಿ, ನಿಶ್ಚಿತ ಠೇವಣಿ ಎಂದು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಅದೇ ಮಗುವಿನ ಕೈಗೆ ಬ್ಯಾಂಕಿನಲ್ಲಿ ಹಣ ತೆಗೆಯುವ ಚೀಟಿಯೊಂದನ್ನು ಕೊಟ್ಟರೆ ಕಣ್ಣು ಕಣ್ಣು ಬಿಡುತ್ತದೆ. ಮೊತ್ತವನ್ನು ಅಕ್ಷರದಲ್ಲಿ ಬರೆಯುವುದು ಯಾವ ಸಾಲಿನಲ್ಲಿ, ಖಾತೆ ಸಂಖ್ಯೆ ಪಾಸ್‌ಬುಕ್ಕಿನಲ್ಲಿ ಎಲ್ಲಿದೆ, ಚೀಟಿಯ ಹಿಂಬದಿಗೆ ಇನ್ನೊಂದು ಸಹಿ ಏಕೆ, ಒಂದೂ ಗೊತ್ತಿಲ್ಲ. ಪರೀಕ್ಷೆಯಲ್ಲಿ ಪೂರ್ತಿ ಅಂಕ, ಕೌಂಟರಿನಲ್ಲಿ ಸೊನ್ನೆ. ಇದರ ಮೇಲೆ ಇನ್ನೊಂದು ಪಠ್ಯಪುಸ್ತಕ ಹೇರಿದರೆ ಅನುಕೂಲವಾಗುವುದು ಗೈಡ್ ಮಾರುವವರಿಗೆ.

ಈ ಮಾತನ್ನು ಕರ್ನಾಟಕಕ್ಕೆ ಹೇಳಬೇಕಾಗಿ ಬಂದಿರುವುದೇ ವಿಚಿತ್ರ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಅದರ ಗುಟ್ಟು ಉಪದೇಶದಲ್ಲಿರಲಿಲ್ಲ. ಪಿಗ್ಮಿಯವರು ನಾಳೆಯೂ ಬರುತ್ತಾರೆ, ಬಂದಾಗ ಬರಿಗೈ ತೋರಿಸಬಾರದು ಎಂಬ ಸಣ್ಣ ಸಂಕೋಚವೇ ಉಳಿತಾಯದ ರೂಢಿಯನ್ನು ಬೆಳೆಸಿತು. ಶಾಲೆಗಳಲ್ಲೂ ‘ಸಂಚಯಿಕಾ’ ಎಂಬ ಉಳಿತಾಯ ಬ್ಯಾಂಕ್ ಇದ್ದ ಕಾಲವೊಂದಿತ್ತು; ವಿದ್ಯಾರ್ಥಿಗಳೇ ದುಡ್ಡು ಕಟ್ಟಿ, ವಿದ್ಯಾರ್ಥಿಗಳೇ ಲೆಕ್ಕ ಬರೆಯುತ್ತಿದ್ದರು.

ಈಗ ಕಾನೂನೂ ಅಡ್ಡ ಬರುವುದಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಹೆಸರಿನಲ್ಲೇ ಉಳಿತಾಯ ಅಥವಾ ಅವಧಿ ಠೇವಣಿ ಖಾತೆ ತೆರೆದು ತಾವೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ 21ರ ಸುತ್ತೋಲೆಯಲ್ಲಿ ಹೇಳಿದೆ. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ಆದ್ದರಿಂದ ಸಾಲದ ಭಯವಿಲ್ಲ. ಸ್ಟೇಟ್ ಬ್ಯಾಂಕಿನ ‘ಪೆಹಲಿ ಉಡಾನ್’ ಖಾತೆ ಇರುವುದೇ ಹತ್ತು ದಾಟಿದ, ಒಂದೇ ರೀತಿ ಸಹಿ ಹಾಕಬಲ್ಲ ಮಕ್ಕಳಿಗಾಗಿ. ಆದರೆ ಮಿತಿ ಎಷ್ಟು, ಎಟಿಎಂ ಕಾರ್ಡ್ ಕೊಡಬೇಕೇ ಬೇಡವೇ ಎಂಬುದನ್ನೆಲ್ಲ ರಿಸರ್ವ್ ಬ್ಯಾಂಕ್ ಆಯಾ ಬ್ಯಾಂಕಿನ ವಿವೇಚನೆಗೆ ಬಿಟ್ಟಿದೆ. ಆ ವಿವೇಚನೆ ಶಾಖೆಯ ಕೌಂಟರಿಗೆ ಇಳಿಯುವಷ್ಟರಲ್ಲಿ ಎಷ್ಟೋ ಕಡೆ “ಹೋಗಿ ಅಪ್ಪನ್ನ ಕರ್ಕೊಂಡು ಬಾ ಮರಿ” ಎಂದಾಗಿರುತ್ತದೆ.

ಮಕ್ಕಳ ಹೆಸರಿನ ಯೋಜನೆಗಳಿಗೇನೂ ಬರವಿಲ್ಲ. 2015ರಲ್ಲಿ ಸುಕನ್ಯಾ ಸಮೃದ್ಧಿ ಬಂತು, 2024ರಲ್ಲಿ ಎನ್‌ಪಿಎಸ್ ವಾತ್ಸಲ್ಯ ಬಂತು. ಎರಡೂ ಒಳ್ಳೆಯವೇ. ಆದರೆ ಅಲ್ಲಿ ಕಟ್ಟುವವರು, ನಿಭಾಯಿಸುವವರು ಹೆತ್ತವರು. ಹದಿನೆಂಟು ತುಂಬುವವರೆಗೆ ಮಗುವಿನ ಪಾಲಿಗೆ ಅದು ಬೀರುವಿನಲ್ಲಿರುವ ಒಂದು ಕಾಗದ.

ನಮ್ಮ ಸರ್ಕಾರಿ ಶಾಲೆಗಳ ‘ಮೆಟ್ರಿಕ್ ಮೇಳ’ ಅಥವಾ ‘ಮಕ್ಕಳ ಸಂತೆ’ ಮಕ್ಕಳೇ ದುಡ್ಡು ನಿಭಾಯಿಸುವ ದಿಕ್ಕಿನಲ್ಲಿ ನಿಜಕ್ಕೂ ಸೊಗಸಾದ ಪ್ರಯೋಗ. ಅಂಗಳದಲ್ಲಿ ಗೋಣಿಚೀಲ ಹಾಸಿ ಕೊತ್ತಂಬರಿ ಕಟ್ಟು, ನಿಂಬೆಹಣ್ಣು, ಚುರುಮುರಿ ಇಟ್ಟುಕೊಂಡು ಕೂಗಿ ಕೂಗಿ ಮಾರುವ ಮಕ್ಕಳನ್ನು ನೋಡುವುದೇ ಚೆಂದ. ಎಡವುವುದು ಸಂಜೆಯ ಲೆಕ್ಕದಲ್ಲಿ. ಕೊತ್ತಂಬರಿ ಅಮ್ಮ ಹಿತ್ತಿಲಿನಿಂದ ಕಿತ್ತುಕೊಟ್ಟದ್ದು, ಚುರುಮುರಿಗೆ ಎಣ್ಣೆ, ಈರುಳ್ಳಿ ಮನೆಯದು. ಅಸಲು ಯಾರೂ ಕಳೆಯುವುದಿಲ್ಲ. ಡಬ್ಬಿಯಲ್ಲಿ 240 ರೂಪಾಯಿ ಇದ್ದರೆ ಅಷ್ಟೂ ಲಾಭವೆಂದು ಚಪ್ಪಾಳೆ ಬೀಳುತ್ತದೆ, ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ, ಮರುದಿನ ಆ ದುಡ್ಡು ಎಲ್ಲಿ ಹೋಯಿತೆಂದು ಕೇಳುವವರಿಲ್ಲ. ಅಸಲು, ಮಾರಿದ್ದು, ಉಳಿದದ್ದು ಎಂದು ಮೂರು ಕಲಂ ಎಳೆಸಿ, ಅಮ್ಮನಿಗೆ ಕೊತ್ತಂಬರಿಯ ದುಡ್ಡು ಕೊಡಿಸಿ, ಉಳಿದದ್ದನ್ನು ಮಗುವಿನ ಖಾತೆಗೆ ಕಟ್ಟಿಸಿದ್ದರೆ ಆ ಒಂದು ದಿನ ಇಡೀ ಅಧ್ಯಾಯದಷ್ಟು ಕಲಿಸುತ್ತಿತ್ತು.

ಖಾತೆ ಯಾವುದು ಎಂದರೆ ಅಂಚೆ ಕಚೇರಿಯ ಆವರ್ತ ಠೇವಣಿ (ಆರ್.ಡಿ.) ಇದೆಯಲ್ಲ! ತಿಂಗಳಿಗೆ ಕನಿಷ್ಠ 100 ರೂಪಾಯಿ, ಒಟ್ಟು 60 ಕಂತು. ಹತ್ತು ದಾಟಿದ ಮಗು ತನ್ನ ಹೆಸರಿನಲ್ಲೇ ತೆರೆಯಬಹುದು. ಆರನೇ ತರಗತಿಯ ಜೂನ್‌ನಲ್ಲಿ ಮೊದಲ ಕಂತು ಕಟ್ಟಿದರೆ ಕೊನೆಯ ಕಂತು ಬೀಳುವುದು ಎಸ್ಸೆಸ್ಸೆಲ್ಸಿ ಮುಗಿದ ಮೇ ತಿಂಗಳಲ್ಲಿ. ಕಟ್ಟಿದ್ದು 6,000, ಈಚಿನ ಶೇ 6.7ರ ಬಡ್ಡಿದರದಲ್ಲಿ ಕೈಗೆ ಬರುವುದು 7,000ಕ್ಕೂ ಮಿಗಿಲು. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಆ ಒಂದು ರೂಪಾಯಿ ತನ್ನ ಕಿಸೆಯಿಂದ ಹೋದ ಮಗುವಿಗೆ ಕೆಲಸವನ್ನು ಗಡುವಿನೊಳಗೆ ಮುಗಿಸಬೇಕೆಂದು ಬೇರೆ ಹೇಳಬೇಕಿಲ್ಲ. ಹನ್ನೆರಡು ಕಂತು ಕಟ್ಟಿದ ಮೇಲೆ ಜಮೆಯಾದ ಮೊತ್ತದ ಅರ್ಧದಷ್ಟು ಸಾಲವೂ ಸಿಗುತ್ತದೆ. ಸಾಲಕ್ಕೆ ಬಡ್ಡಿ ಏಕೆ ತೆರಬೇಕು ಎಂದು ಗಣಿತದ ಮೇಷ್ಟ್ರು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಜೀವಂತ ಉದಾಹರಣೆ ಬೇಕೇ?

ಬಡವರ ಮನೆಯಲ್ಲಿ ನೂರು ರೂಪಾಯಿ ಎಲ್ಲಿಂದ ಬರಬೇಕು ಎಂಬ ಆಕ್ಷೇಪ ನ್ಯಾಯವಾದದ್ದು. ಐದು ರೂಪಾಯಿಯ ಚಿಪ್ಸ್ ಪೊಟ್ಟಣ ಇಪ್ಪತ್ತು ಬಿಟ್ಟರೆ ನೂರಾಗುತ್ತದೆ ಎಂದು ಹೇಳುವುದು ಸುಲಭ, ಚಿಪ್ಸೇ ತಿನ್ನದ ಮಕ್ಕಳೂ ಇದ್ದಾರೆ. ಆದರೆ ವಿದ್ಯಾರ್ಥಿವೇತನಕ್ಕಾಗಿ ಅವರಲ್ಲಿ ಅನೇಕರ ಹೆಸರಿನಲ್ಲಿ ಈಗಾಗಲೇ ಬ್ಯಾಂಕ್ ಖಾತೆಯಿದೆ. ದುಡ್ಡು ಬಂದದ್ದೂ ಹೋದದ್ದೂ ಮಗುವಿಗೆ ತಿಳಿಯುವುದಿಲ್ಲ, ಅಷ್ಟೇ. ಅವಧಿಗೊಮ್ಮೆ ಆ ಮಗುವೇ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದು ಅದನ್ನು ಓದಿ ಹೇಳಿದರೂ ಆರಂಭಕ್ಕೆ ಸಾಕು.

ಇದೆಲ್ಲ ಮನೆಯಲ್ಲಿ ಕಲಿಯಬೇಕಾದದ್ದು, ಶಾಲೆಗೇಕೆ ಎನ್ನುವವರೂ ಉಂಟು. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಆರ್ಥಿಕ ಸಾಕ್ಷರರು ಶೇ 27 ಮಾತ್ರ. ಕಲಿಸಬೇಕಾದವರದೇ ಈ ಸ್ಥಿತಿ. ಸಾಲದ್ದಕ್ಕೆ ಮನೆಯಲ್ಲಿ ಈಗ ನೋಟು ಎಣಿಸುವುದನ್ನು ನೋಡುವ ಮಕ್ಕಳೇ ಕಡಿಮೆ; ಹಾಲಿನಿಂದ ಹಬ್ಬದ ಬಟ್ಟೆಯವರೆಗೆ ಎಲ್ಲ ಒಂದು ಸ್ಕ್ಯಾನ್‌ನಲ್ಲಿ ಮುಗಿಯುತ್ತದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸಿತು, ಒಳ್ಳೆಯದಾಯಿತು. ಆದರೆ ಆಟದೊಳಗಿನ ಬಂದೂಕಿಗೆ ಬಣ್ಣ ಕೊಳ್ಳುವ ಹುಡುಗ ಪಣ ಕಟ್ಟುತ್ತಿಲ್ಲ, ಖರೀದಿ ಮಾಡುತ್ತಿದ್ದಾನೆ. ಆ ಕಾನೂನು ಅವನನ್ನು ತಡೆಯದು.

ಶಿಕ್ಷಕರ ಮೇಲೆ ಇನ್ನೊಂದು ಹೊರೆ ಬೇಡವೆಂಬುದು ನಿಜ. ಮೊಟ್ಟೆ, ಬಾಳೆಹಣ್ಣು, ಹಾಲಿನ ಲೆಕ್ಕವೇ ಅವರಿಗೆ ಸಾಕಾಗಿದೆ. ಮಕ್ಕಳ ದುಡ್ಡು ಅವರ ಕೈಗೆ ಬರುವ ಅಗತ್ಯವೂ ಇಲ್ಲ. ಅಂಚೆಯಣ್ಣನ ಕೈಯಲ್ಲಿ ಈಗ ಬ್ಯಾಂಕಿಂಗ್ ಯಂತ್ರವಿದೆ, ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರಿದ್ದಾರೆ. ತಿಂಗಳಿಗೊಂದು ಶನಿವಾರ ಅವರು ಶಾಲೆಗೆ ಬಂದರೆ ಸಾಕು.

ಆದ್ದರಿಂದ ಶಾಲಾ ಶಿಕ್ಷಣ ಇಲಾಖೆಗೆ ಕೋರಿಕೆ ಇಷ್ಟೇ: ಹೊಸ ವಿಷಯ, ಹೊಸ ಪುಸ್ತಕ ಬೇಡ. ಅಂಚೆ ಇಲಾಖೆಯೊಂದಿಗೆ ಮಾತಾಡಿ, ಬರುವ ಜೂನ್‌ನಲ್ಲಿ ತಾಲ್ಲೂಕಿಗೊಂದು ಶಾಲೆಯ ಆರನೇ ತರಗತಿಯಿಂದ ಮಕ್ಕಳ ಆರ್.ಡಿ. ಖಾತೆಗಳನ್ನು ಆರಂಭಿಸಲಿ. ಬ್ಯಾಂಕುಗಳ ಪ್ರಾದೇಶಿಕ ಕಚೇರಿಗಳು ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಕನ್ನಡ ಸಾರಾಂಶವನ್ನು ಪ್ರತಿ ಶಾಖೆಯ ಗೋಡೆಗೆ ಹಚ್ಚಿ, ಹತ್ತು ದಾಟಿದ ಮಗು ಒಂಟಿಯಾಗಿ ಬಂದರೂ ಅರ್ಜಿ ಕೊಟ್ಟು ಕೂರಿಸುವಂತೆ ಸಿಬ್ಬಂದಿಗೆ ಸೂಚಿಸಲಿ.

ಇಂತಿ,
ತಮ್ಮ ಓದುಗ