ಎಣ್ಣೆಯ ಡಬ್ಬಿ ಕೆಳಗಿಡಿ

ಎಂ.ಕೆ. ಹುಬ್ಬಳ್ಳಿಯ ಹಳೆಯ ಮನೆಯ ಕಲ್ಲುಗೋಡೆಯ ಸಂದಿಯಲ್ಲಿ ತುಡುವೆ ಜೇನು ಸೇರಲಿ, ಹೊಸ ಮನೆಯ ಸಜ್ಜಾದ ಕೆಳಗೆ ಹೆಜ್ಜೇನು ಕಟ್ಟಲಿ, ಮೊದಲು ಬರುವ ಸಲಹೆ ಒಂದೇ: “ಎಣ್ಣಿ ಹೊಡಸ್ರಿ, ಇಲ್ಲಾ ಸುಡಸ್ರಿ.”

ಸುಡುವುದು ರಾತ್ರಿಯೇ. ಹೊಲಕ್ಕೆ ಹೋದ ಹುಳವೆಲ್ಲ ಅಷ್ಟರಲ್ಲಿ ಗೂಡು ಸೇರಿರುತ್ತವಲ್ಲ, ಒಂದೂ ತಪ್ಪಿಸಿಕೊಳ್ಳಬಾರದು! ಕೋಲಿನ ತುದಿಗೆ ಸೀಮೆಎಣ್ಣೆಯ ಬಟ್ಟೆ, ಇಲ್ಲವೇ ಹತ್ತಿಗೆ ಹೊಡೆದು ಉಳಿದ ‘ಎಣ್ಣಿ’, ಅಂದರೆ ವಿಷ. ರಾಣಿ, ಮರಿ, ಮೊಟ್ಟೆ ಸಮೇತ ಇಡೀ ಸಂಸಾರವನ್ನು ಬೆಳಗ್ಗೆ ಕಸಬರಿಗೆಯಿಂದ ಗುಡಿಸಿ ಚೆಲ್ಲುತ್ತಾರೆ.

ತುಡುವೆಯನ್ನು ಜೀವಂತ ಸಾಗಿಸಲಿಕ್ಕೂ ಅದೇ ಹೊತ್ತು ಸರಿ. ಬಲ್ಲವರು ಸಂಜೆಗೆ ಸಂದಿ ಬಿಚ್ಚಿ, ತುಸು ಹೊಗೆ ಕೊಟ್ಟು, ಮರಿ ಇರುವ ಎರಿಗಳನ್ನು ಕೊಯ್ದು ಚೌಕಟ್ಟಿಗೆ ಕಟ್ಟಿ ಪೆಟ್ಟಿಗೆಗೆ ಇಳಿಸುತ್ತಾರೆ. ರಾಣಿ ಒಳಗೆ ಹೋದರೆ ಉಳಿದವು ತಾವೇ ಹಿಂದೆ ಬರುತ್ತವೆ. ಕತ್ತಲಾದ ಮೇಲೆ ಬಾಯಿ ಮುಚ್ಚಿ ಒಯ್ದರಾಯಿತು. ಇಷ್ಟು ಮಾಡಲು ಬೇಸರ, ಕೊಲ್ಲಲು ಇಲ್ಲ!

ಹೆಜ್ಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ. ಅದು ಕಡಿದು ಮನುಷ್ಯರು ಸತ್ತದ್ದೂ ಇದೆ, ಆ ಹೆದರಿಕೆ ಸುಳ್ಳಲ್ಲ. ಶಾಲೆಯ ಬಾಗಿಲ ಮೇಲೆ ಕಟ್ಟಿದ್ದರೆ ಬಲ್ಲವರಿಂದಲೇ ಎಬ್ಬಿಸಬೇಕು. ಆದರೆ ಯಾರ ತಂಟೆಗೂ ಬಾರದೆ ನೀರಿನ ಟಾಕಿಗೆ ಜೋತುಬಿದ್ದದ್ದನ್ನೂ ಸುಡಬೇಕೆ? ಅದು ವಲಸೆಯ ಹುಳ, ಹೂವಿನ ಕಾಲ ಮುಗಿದರೆ ತಾನೇ ಎದ್ದು ಹೋಗುತ್ತದೆ. ಅಲ್ಲಿಯವರೆಗೆ ಕಲ್ಲೊಗೆಯದೆ, ಹೊಗೆ ಹಾಕದೆ ಇದ್ದರೆ ಸಾಕು.

ಇನ್ನು ವಿಷದ ಕತೆ. ಹುಳ ಸತ್ತರೂ ವಿಷ ತಾಗಿದ ತುಪ್ಪ ಗೋಡೆಯೊಳಗೇ ಉಳಿಯುತ್ತದೆ. ಅದರ ವಾಸನೆಗೆ ಬೇರೆ ಗೂಡಿನ ಜೇನು ಬಂದು ಹೊತ್ತೊಯ್ಯುತ್ತವೆ, ಅಲ್ಲಿಯೂ ಸಾವು ಶುರುವಾಗುತ್ತದೆ. 1991–92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಡಿದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಬಹುಪಾಲು ನಾಶವಾಗಿದ್ದವು. ಆ ರೋಗವನ್ನೂ ದಾಟಿ ಬಂದ ಸಂತತಿಯನ್ನು ನಾವು ಕೈಯಾರೆ ಮುಗಿಸುತ್ತಿದ್ದೇವೆ.

ಬೆಳೆಯ ಮಾತಿಗೆ ಬಂದರೆ, ಕಬ್ಬಿನವರಿಗೆ ಜೇನು ಬೇಕಿಲ್ಲ ನಿಜ. ಆದರೆ ಸೂರ್ಯಕಾಂತಿಯ ಕಾಳು ಜೊಳ್ಳಾಗದಿರಲು ಬೇಕು. ಸೌತೆ, ಹೀರೆ, ಕುಂಬಳದಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಹುಳ ಮುಟ್ಟದೆ ಕಾಯಿ ಹೇಗೆ ಕಟ್ಟೀತು? ಮಲಪ್ರಭೆಯಲ್ಲಿರುವ ಶರಣೆ ಗಂಗಾಂಬಿಕೆಯ ಐಕ್ಯಸ್ಥಳಕ್ಕೆ ಕೈಮುಗಿದು ಬರುವ ಊರು ನಮ್ಮದು. ಅದೇ ಕೈಯಲ್ಲಿ ಬೆಂಕಿಯ ಕೋಲು ಹಿಡಿಯಲು ನಾಚಿಕೆಯಾಗಬೇಕು.

ಗೋಡೆಯಲ್ಲಿ ಜೇನು ಕಂಡರೆ ಎಣ್ಣೆಯ ಡಬ್ಬಿ ಮುಟ್ಟಬೇಡಿ. ತೋಟಗಾರಿಕೆ ಇಲಾಖೆಯನ್ನು ಕೇಳಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ, ಜೇನು ಸಾಕುವವರನ್ನು ಕರೆಸಿ. ಪಂಚಾಯಿತಿಯವರೇ, ಜೇನು ಬಿಡಿಸಬಲ್ಲವರ ಫೋನ್ ನಂಬರನ್ನು ನಿಮ್ಮ ಗೋಡೆಯ ಮೇಲೆ ಬರೆಸಿ.