ಸಾಲ ತಂದಾದರೂ ಸರಿ, ನಾಲೆಯ ಕೊನೆಗೆ ನೀರು ತಲುಪಿಸಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ರೈತರೆ, ಕೂಲಿಕಾರರೆ, ವ್ಯಾಪಾರಸ್ಥರೆ,

ಸರ್ಕಾರ ಖರ್ಚು ಮಾಡಿದ ರೂಪಾಯಿ ಕೈಯಿಂದ ಕೈಗೆ ದಾಟುತ್ತ ದೇಶದ ಆದಾಯವನ್ನು ಹಲವು ಪಟ್ಟು ಬೆಳೆಸುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ವಾದಿಸಿದರು. ಭಾರತದ ರಾಷ್ಟ್ರೀಯ ಆದಾಯವನ್ನು ಶಾಸ್ತ್ರೀಯವಾಗಿ ಲೆಕ್ಕಹಾಕಿದವರಲ್ಲಿ ಮೊದಲಿಗರಾದ ವಿ.ಕೆ.ಆರ್.ವಿ. ರಾವ್ 1952ರಲ್ಲೇ ಇದಕ್ಕೆ ತಕರಾರು ತೆಗೆದರು. ಅಲ್ಲಿ ಸುಮ್ಮನೆ ನಿಂತ ಕಾರ್ಖಾನೆಗಳು ಬೇಡಿಕೆ ಬಂದೊಡನೆ ಓಡತೊಡಗುತ್ತವೆ; ಇಲ್ಲಿ ಹೊಲಕ್ಕೆ ನೀರಿಲ್ಲದಿದ್ದರೆ ಕೈಗೆ ಹಣ ಬಂದರೂ ಕಾಳು ಹೆಚ್ಚುವುದಿಲ್ಲ, ಬೆಲೆ ಹೆಚ್ಚುತ್ತದೆ. ಆ ಮಾತು ನಮ್ಮ ಸೀಮೆಗೆ ಇಂದಿಗೂ ಸಲ್ಲುತ್ತದೆ. ಆದ್ದರಿಂದ ಪ್ರತಿ ಬಜೆಟ್ಟಿನ ಮುಂದೆ ನಾವು ಕೇಳಬೇಕಾದದ್ದು ಒಂದೇ: ಈ ಖರ್ಚಿನಿಂದ ಬೆಳೆ ಹೆಚ್ಚುತ್ತದೆಯೇ?

ಹೆಚ್ಚುತ್ತದೆ ಎನ್ನುವುದಕ್ಕೆ ಸಿಂಧನೂರೇ ಸಾಕ್ಷಿ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟು ಸರ್ಕಾರದ ಹಣದಿಂದಲೇ ಎದ್ದದ್ದು. ಜೋಳ, ಸಜ್ಜೆ ಬಿತ್ತಿ ಮುಗಿಲು ನೋಡುತ್ತಿದ್ದ ನೆಲ ಎಡದಂಡೆ ನಾಲೆ ಬಂದ ಮೇಲೆ ಭತ್ತದ ಕಣಜವಾಯಿತು; ಹಿಂದೆಯೇ ರೈಸ್ ಮಿಲ್ಲು, ಗೊಬ್ಬರದಂಗಡಿ, ಟ್ರ್ಯಾಕ್ಟರ್ ಗ್ಯಾರೇಜು, ಹಮಾಲರ ದುಡಿಮೆ ಬಂದವು. ಆದರೆ ಅದೇ ನಾಲೆಯ ಕೆಳಭಾಗದ ಹೊಲಗಳು ಒಣಗುತ್ತಿವೆ. ಲಿಂಗಸುಗೂರು ತಾಲ್ಲೂಕು ಹಾಯ್ದು ಹೋಗುವ ನಾರಾಯಣಪುರ ಬಲದಂಡೆ ನಾಲೆಯಿಂದ 5ಎ ಕಾಲುವೆ ಕೊಡಿರೆಂದು ಮಸ್ಕಿ ಭಾಗದ ರೈತರು ತಿಂಗಳುಗಟ್ಟಲೆ ಧರಣಿ ಕೂತರು. ಸುಗ್ಗಿ ಮುಗಿದೊಡನೆ ಕೂಲಿ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ನೆಲವೂ ದುಡಿಯುವ ಕೈಯೂ ಖಾಲಿ ಇರುವ ಇಂಥ ಕಡೆ ನೀರಿಗೆಂದು ಹಾಕಿದ ರೂಪಾಯಿ ಬೆಲೆಯೇರಿಕೆಯಲ್ಲಿ ಕರಗಿಹೋಗದು. ದುರಸ್ತಿಯ ಮಾತಂತೂ ಯಾರಿಗೂ ಬೇಡವಾಗಿದೆ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಮೂರು ರಾಜ್ಯಗಳ ರೈತರು ನಿದ್ದೆಗೆಟ್ಟರು. ಒಂದು ಗೇಟಿನ ಬೆಲೆ ಎಷ್ಟು, ಅದನ್ನು ನಂಬಿ ನಿಂತ ಬೆಳೆಯ ಬೆಲೆ ಎಷ್ಟು!

ಸಾಲ ಮಾಡಿದರೆ ಮೊಮ್ಮಕ್ಕಳ ತಲೆಗೆ ಹೊರೆ ಎನ್ನುತ್ತಾರೆ. ಸಮಾರಂಭಕ್ಕೆ ಮಾಡಿದ ಸಾಲಕ್ಕೆ ಆ ಮಾತು ಒಪ್ಪುತ್ತದೆ. ನಾಲೆಯ ಸಾಲವನ್ನು ತೀರಿಸಲು ಬೆಳೆ ಇರುತ್ತದೆ, ಮೊಮ್ಮಕ್ಕಳಿಗೆ ನಾಲೆಯೂ ಉಳಿಯುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿ ನಿಲ್ಲಿಸಿರೆನ್ನುವವರ ಜೊತೆಗೂ ನಾವಿಲ್ಲ; ಆ ಹಣ ಒಲೆ ಉರಿಸುತ್ತದೆ, ಊರ ಕಿರಾಣಿ ಅಂಗಡಿ ನಡೆಸುತ್ತದೆ. ಅದನ್ನು ತೋರಿಸಿ ನಾಲೆಯ ಹಣ ಕಡಿಯಬಾರದು, ಅಷ್ಟೇ. ನಿಜಕ್ಕೂ ಗಟ್ಟಿಯಾದ ಆಕ್ಷೇಪ ಬೇರೆಯದು: ಎಷ್ಟು ಸುರಿದರೂ ಮೇಲ್ಭಾಗದವರು ನೀರೆಳೆದುಕೊಂಡರೆ ಕೊನೆಗೆ ಬರುವುದೇನು? ತುಂಗಭದ್ರಾ ಎಡದಂಡೆ ನಾಲೆ ಯೋಜಿಸಿದ್ದು ಬಹುಪಾಲು ಅರೆ ನೀರಾವರಿ ಬೆಳೆಗಳಿಗೆ. ಭತ್ತ ಆ ಲೆಕ್ಕ ಕೆಡಿಸಿದೆ. ಇದನ್ನು ಸಿಮೆಂಟಿನಿಂದ ಸರಿಪಡಿಸಲಾಗದು. ಜೋಳ, ಕಡಲೆ, ತೊಗರಿಗೆ ಖರೀದಿ ಕೇಂದ್ರ ಸಕಾಲಕ್ಕೆ ತೆರೆದು ಭತ್ತದಷ್ಟೇ ಭರವಸೆ ಕೊಟ್ಟರೆ ಮಾತ್ರ ಮೇಲ್ಭಾಗದ ರೈತ ನೀರು ಬಿಟ್ಟಾನು. ಅದೂ ಸರ್ಕಾರದ ಖರ್ಚೇ, ತಪ್ಪದೆ ಮಾಡಬೇಕಾದ ಖರ್ಚು.

ಮುಂದಿನ ಬಜೆಟ್ಟಿನಲ್ಲಿ ಹೊಸ ಘೋಷಣೆಗಳಿಗೂ ಮೊದಲು ಗೇಟು, ಕಾಲುವೆಗಳ ದುರಸ್ತಿಗೆ ಬೇರೆಡೆ ತಿರುಗಿಸಲಾಗದ ಹಣ ಇಡಬೇಕು. ಬಿಲ್ಲಿನಲ್ಲಷ್ಟೇ ಮುಗಿಯುವ ಕಾಮಗಾರಿ ತಡೆಯಲು, ಕೊನೆಯ ತೂಬಿನಲ್ಲಿ ನೀರು ಬಂದುದನ್ನು ನೀರು ಬಳಕೆದಾರರ ಸಹಕಾರ ಸಂಘ ಅಳೆದು ಸಹಿ ಹಾಕಿದ ಮೇಲೆಯೇ ಗುತ್ತಿಗೆದಾರರ ಕೊನೆಯ ಕಂತು ಕೊಡಬೇಕು. ಮೂರೂ ತಾಲ್ಲೂಕುಗಳ ಗ್ರಾಮಸಭೆಗಳಲ್ಲಿ ಈ ಬೇಡಿಕೆಗಳನ್ನು ಠರಾವು ಮಾಡಿ ಕಳಿಸಿ.