ದೇಶ ಸುತ್ತುವ ಬಗೆ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನರಿಯದ ಕನ್ನಡಿಗನಿಲ್ಲ. ಕೋಶವನ್ನೋದಿಸುವ ಹೊಣೆಯನ್ನು ಶಾಲೆಗಳು ಯಥಾಶಕ್ತಿ ನಿರ್ವಹಿಸುತ್ತಿವೆ. ದೇಶವನ್ನು ಸುತ್ತಿಸುವ ಬಗೆಯಲ್ಲಿ ಮಾತ್ರ ಆಲೋಚಿಸಬೇಕಾದುದು ಬಹಳವಿದೆ. ಮೂರು ದಿನಗಳಲ್ಲಿ ಹತ್ತು ಊರು, ಊರಿಗೊಂದು ಗಂಟೆ, ರಾತ್ರಿಯೆಲ್ಲ ಬಸ್ಸಿನಲ್ಲಿ ತೂಕಡಿಕೆ. ಹಿಂದಿರುಗಿದ ಬಾಲಕನಿಗೆ ಕಂಡ ಗುಡಿಯ ಹೆಸರಿಗಿಂತ ಉಂಡ ಹೋಟೆಲಿನ ಹೆಸರೇ ಚೆನ್ನಾಗಿ ನೆನಪಿರುತ್ತದೆ. ‘ಪ್ರವಾಸ’ವೆಂಬ ಪದದಲ್ಲಿಯೇ ‘ವಾಸ’ವಿದೆ. ಎಲ್ಲಿಯೂ ನಿಲ್ಲದವನದು ಓಟವೇ ಹೊರತು ಪ್ರವಾಸವಲ್ಲ.

ಒಂದು ಊರು, ಒಂದು ಹಗಲು, ಕಾಲುನಡಿಗೆ: ಶಾಲೆಯ ಪ್ರವಾಸಕ್ಕೆ ಇಷ್ಟೇ ಸಾಕು. ಕಡಲನ್ನೇ ಕಾಣದ ಕುಂದಾಣದ ಸೀಮೆಯ ಮಕ್ಕಳಿಗೆ ಮಂಗಳೂರಿಗಿಂತ ಉಚಿತವಾದ ಊರು ಯಾವುದು?

ಬೆಳಗಿನಲ್ಲಿ ಹಳೆಯ ಬಂದರಿನ ದಕ್ಕೆಯಿಂದ ನಡಿಗೆ ಆರಂಭವಾಗಲಿ. ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು 1443ರಲ್ಲಿ ಹಾದುಹೋದ ಊರಿದು. ಇಲ್ಲಿಂದ ಲಕ್ಷದ್ವೀಪಕ್ಕೆ ಸರಕು ಹೋಗುವುದುಂಟು. ಆದರೆ ದೊಡ್ಡ ಹಡಗುಗಳೇಕೆ ಇಲ್ಲಿಗೆ ಬಾರದೆ ಪಣಂಬೂರಿಗೆ ಹೋಗುತ್ತವೆ? ನೇತ್ರಾವತಿಯೂ ಗುರುಪುರ ನದಿಯೂ ಕಡಲು ಸೇರುವ ಅಳಿವೆಯಲ್ಲಿ ಮರಳು ತುಂಬುವುದನ್ನು ಕಣ್ಣಾರೆ ಕಂಡ ಮಗುವು ಈ ಪ್ರಶ್ನೆಯನ್ನು ತಾನೇ ಕೇಳೀತು. ಬಸ್ಸಿನ ಕಿಟಕಿಯಲ್ಲಿ ಇಂತಹ ಪ್ರಶ್ನೆ ಹುಟ್ಟುವುದಿಲ್ಲ.

ಅಲ್ಲಿಂದ ಬಲ್ಮಠದ ಏರನ್ನು ಏರಬೇಕು. ಬಾಸೆಲ್ ಮಿಷನ್ನಿನ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು ಈ ಊರಿನಲ್ಲಿ. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದುದೂ ಇಲ್ಲಿಯೇ. ದೇಶ ಸುತ್ತಲು ಹೋದವನಿಗೆ ಕೋಶವೇ ಎದುರಾಗುವ ಊರು ಇದು! ಇದೇ ಮಿಷನ್ನು 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಕಥೆಯನ್ನು ಕೇಳಿದ ಮಗುವು ತನ್ನೂರಿನ ಹಳೆಯ ಮನೆಯ ಮಂಗಳೂರು ಹೆಂಚನ್ನು ಹೊಸ ಕಣ್ಣಿನಿಂದ ನೋಡುವುದು.

ಸಂಜೆಗೆ ಸುಲ್ತಾನ್ ಬತ್ತೇರಿ. ಗುರುಪುರ ನದಿಯೊಳಕ್ಕೆ ವೈರಿಗಳ ನೌಕೆಗಳು ನುಗ್ಗದಂತೆ ಕಾಯಲು ಈ ಕಾವಲು ಬುರುಜನ್ನು ಕಟ್ಟಿಸಿದ ಟಿಪ್ಪುವು ಹುಟ್ಟಿದುದು ಕುಂದಾಣಕ್ಕೆ ನೆರೆಯ ದೇವನಹಳ್ಳಿಯಲ್ಲಿ. ಬಯಲುಸೀಮೆಯ ಕೋಟೆಗೂ ಕರಾವಳಿಯ ಬುರುಜಿಗೂ ಇರುವ ನಂಟನ್ನು ಅಲ್ಲಿ ನಿಂತು ಹೇಳಿದರೆ ಚರಿತ್ರೆಯ ಪಾಠ ಮರೆಯದು.

ನಡೆಸಿದರೆ ಮಕ್ಕಳು ದಣಿಯುವರು, ಕೊಟ್ಟ ಹಣಕ್ಕೆ ನಾಲ್ಕಾರು ಊರನ್ನಾದರೂ ತೋರಿಸಬೇಡವೇ ಎಂದು ಪೋಷಕರು ಕೇಳುವುದುಂಟು. ದಣಿವಿಗೆ ನೆರಳೂ ನೀರೂ ಇವೆ. ನಡುಹಗಲಿನ ಬಿಸಿಲಿನಲ್ಲಿ ವಿಶ್ರಮಿಸಬಹುದು. ಹಣದ ಮಾತಾದರೋ, ಊರುಗಳನ್ನು ಎಣಿಸಿ ಫಲವನ್ನು ಅಳೆಯುವುದು ಪುಟಗಳನ್ನು ಎಣಿಸಿ ಪಾಂಡಿತ್ಯವನ್ನು ಅಳೆದಂತೆ. ನಿಜವಾದ ಕಷ್ಟವಿರುವುದು ಅಧ್ಯಾಪಕರಿಗೆ. ಅವರು ಮೊದಲೇ ಹೋಗಿ ಆ ದಾರಿಯನ್ನು ನಡೆದು, ಓದಿ, ಸಿದ್ಧರಾಗಬೇಕು.

ಅದಕ್ಕೂ ಮೊದಲು ಸ್ವಂತ ಊರಿನ ನಡಿಗೆಯಾಗಬೇಕು. 13ನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ರಾಮನಾಥನು ಆಳಿದ ಕುಂದಾಣದ ಬೆಟ್ಟವನ್ನು ಹತ್ತದ ಮಗು ಮಂಗಳೂರಿನಲ್ಲಿ ಏನನ್ನು ತಾನೇ ಕಂಡೀತು?

ಜಂಗಮ ಪರಂಪರೆಯು ಊರೂರು ನಡೆದು, ಮನೆಯ ಬಾಗಿಲಲ್ಲಿ ನಿಂತು, ಜನರ ಸುಖದುಃಖವನ್ನು ಅರಿತು ಧರ್ಮವನ್ನು ಬಿತ್ತಿತು. ಆ ಪರಂಪರೆಯ ಮಠಗಳು ನಡೆಸುವ ಶಾಲೆಗಳಿಗೆ ನಡಿಗೆಯ ಮಹಿಮೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬಡ ವಿದ್ಯಾರ್ಥಿಯ ಪ್ರವಾಸದ ವೆಚ್ಚವನ್ನೂ ಅಧ್ಯಾಪಕನ ಪೂರ್ವಸಿದ್ಧತೆಯ ವೆಚ್ಚವನ್ನೂ ದಾನಿಗಳು ಮತ್ತು ಹಳೆಯ ವಿದ್ಯಾರ್ಥಿಗಳು ವಹಿಸಿಕೊಂಡರೆ, ಹಣವಿಲ್ಲವೆಂಬ ಕಾರಣಕ್ಕೆ ಯಾವ ಮಗುವೂ ಕಡಲನ್ನು ಕಾಣದೆ ಶಾಲೆ ಬಿಡಬೇಕಾಗದು.